ಉಪ್ಪಿನೊಳಗಿನ ನಾಮಪದ

ಸಾಂತೋನ್ಯ ಬಂದರಿನ ಮೀನು ಕಾರ್ಖಾನೆಯಲ್ಲಿ
ನನ್ನ ಎಡಕ್ಕೆ ಕೂರುವವಳು ಒಬ್ದೂಲಿಯಾ.
ಕತ್ತರಿಯಿಂದ ಬಾಲ, ಬೆರಳಿನಿಂದ ಮುಳ್ಳು,
ಬಟ್ಟೆಯಿಂದ ಸಿಪ್ಪೆ. ನಡುನಡುವೆ ನನಗೊಂದು ಪದ.
ಅವಳು ಶಾಲೆ ಬಿಟ್ಟದ್ದು ಹನ್ನೊಂದಕ್ಕೆ,
ನಾನು ಮತ್ತೆ ಸೇರಿದ್ದು ಐವತ್ತೆಂಟಕ್ಕೆ,
ಇಲ್ಲೇ, ಈ ಸ್ಟೂಲಿನ ಮೇಲೆ.

ನನ್ನ ಇಂಗ್ಲಿಷಿನಲ್ಲಿ ಮೇಜು ಬರೀ ಮೇಜು.
ಇಲ್ಲಿ ಅದು ಹೆಣ್ಣು. ಚಾಕು ಗಂಡು.
ಕತ್ತರಿ ಹೆಣ್ಣು, ಮೈಗೆ ಕಟ್ಟಿದ ಏಪ್ರನ್ ಗಂಡು.
ಯಾಕೆ ಅಂದರೆ ಒಬ್ದೂಲಿಯಾ,
"ನಿನ್ನ ಮೂಗು ಯಾಕೆ ಅಲ್ಲೇ ಇದೆ?" ಅನ್ನುತ್ತಾಳೆ.

ಓ ಎಂದು ಮುಗಿದರೆ ಗಂಡು, ಆ ಎಂದರೆ ಹೆಣ್ಣು:
ಪುಸ್ತಕದ ಆ ಒಂದು ಸೂತ್ರ ನೆಚ್ಚಿ ಬಂದಿದ್ದೆ.
ಎರಡನೇ ದಿನವೇ ಕೈ ಕೈಕೊಟ್ಟಿತು.
ಲಾ ಮಾನೋ. ಓ ಎಂದು ಮುಗಿದೂ ಹೆಣ್ಣು.
ಒಬ್ದೂಲಿಯಾ ತನ್ನದನ್ನು ದೀಪಕ್ಕೆ ಹಿಡಿದಳು,
ಮೂವತ್ತು ವರ್ಷದ ಉಪ್ಪು ಕೊರೆದ ಬೆರಳು,
ಉಗುರ ಬುಡದಲ್ಲಿ ಬೆಳ್ಳಿಯ ಪೊರೆ.
"ಇದನ್ನು ನೋಡಿಯೂ ಗಂಡು ಅಂತೀಯಾ?"

ಹೆಬ್ಬೆರಳು ಕುಯ್ದುಕೊಂಡ ದಿನ
ಲಾ ಕೂರಾ ಕೇಳಬೇಕಿತ್ತು, ಗಾಯಕ್ಕೆ ಕಟ್ಟು.
ರಕ್ತ ನೋಡಿದ ಗಾಬರಿಗೆ ಎಲ್ ಕೂರಾ ಎಂದುಬಿಟ್ಟೆ.
"ಇಷ್ಟಕ್ಕೇ ಪಾದ್ರಿ ಬೇಕಂತೆ ಇವಳಿಗೆ!"
ಸಾಲಿಗೆ ಸಾಲೇ ನಕ್ಕಿತು.
ಬ್ಯಾಂಡೇಜು ತಂದವಳು ಶಿಲುಬೆ ಗುರುತು ಹಾಕಿ ಸುತ್ತಿದಳು.

ಮಣಿಕಟ್ಟಿಗೆ ಮುನ್ಯೇಕಾ. ಬೊಂಬೆಗೂ ಅದೇ ಹೆಸರು.
ಸಂಜೆಗೆ ನನ್ನ ಎರಡೂ ಬೊಂಬೆ ಊದಿಕೊಂಡಿರುತ್ತವೆ.
ಬಾಡಿಗೆ ಕೋಣೆಯ ಬೋಗುಣಿಯಲ್ಲಿ
ಬಿಸಿನೀರೆರೆದು ಮಲಗಿಸುತ್ತೇನೆ.

ಎಸ್ಪೋಸಾ ಅಂದರೆ ಹೆಂಡತಿ. ಬಹುವಚನ ಮಾಡಿದರೆ
ಹೆಂಡತಿಯರು,
ಇಲ್ಲವೇ ಪೊಲೀಸರು ತೊಡಿಸುವ ಬೇಡಿ.
ಮೀನು ಜಾರಿ ಬೀಳುವಷ್ಟು ನಕ್ಕೆ.
ಪೀಟರ್‌ಹೆಡ್‌ನಲ್ಲಿ ಫರ್ಗಸ್ ಜೊತೆ ಮೂವತ್ತೊಂದು ವರ್ಷ
ಏಕವಚನದಲ್ಲೇ ಬಾಳಿದವಳು ನಾನು,
ಬಹುವಚನದ ಅರ್ಥ ಯಾರೂ ಹೇಳಿಕೊಡಬೇಕಿರಲಿಲ್ಲ.
ನಗು ನಿಂತಿತು. ಒಬ್ದೂಲಿಯಾ ಏನೂ ಕೇಳಲಿಲ್ಲ.
ತಾನು ಬಿಡಿಸಿದ ಹನ್ನೆರಡು ಎಸಳು ಮೀನು
ನನ್ನ ತಟ್ಟೆಗೆ ಸರಿಸಿದಳು, ಲೆಕ್ಕ ತುಂಬಲಿ ಎಂದು.

ನೀರಿನಲ್ಲಿ ಈಜುವಾಗ ಪೆಸ್,
ಹಿಡಿದ ಮೇಲೆ ಪೆಸ್ಕಾದೋ.
ನಮ್ಮಲ್ಲಿ ಕಡಲಿಗೂ ತಟ್ಟೆಗೂ ಒಂದೇ ಪದ, ಸಾಕಾಗಿತ್ತು.
ಯಾವ ಗಳಿಗೆಯಲ್ಲಿ ಹೆಸರು ಬದಲಾಗುತ್ತದೆ?
ಬಲೆ ಬಿಗಿದಾಗಲೋ, ದೋಣಿಯ ಅಂಚು ದಾಟಿದಾಗಲೋ,
ಕಿವಿರು ಕೊನೆಯ ಸಲ ತೆರೆದಾಗಲೋ?
ಸಾಲಿನ ಹಿರಿಯಳು ಪೂರಾ ತಲೆಯೆತ್ತದೆ ಅಂದಳು:
"ಹರಾಜಿನಲ್ಲಿ ಬೆಲೆ ಕೂಗಿದಾಗ."

ಏಪ್ರಿಲ್‌ನಲ್ಲಿ ದೋಣಿಯಿಂದ ಇಳಿಯುವುದು
ಎಲ್ ಬೊಕಾರ್ತೆ. ಗಂಡು. ನೀಲಿ ಬೆನ್ನು.
ತಲೆ ಮುರಿದು, ಪದರ ಪದರ ಉಪ್ಪಿನಲ್ಲಿ ಜೋಡಿಸಿ,
ಮೇಲೆ ಕಲ್ಲು ಹೇರಿ ಮರೆತುಬಿಡುತ್ತೇವೆ.
ನವೆಂಬರ್‌ನಲ್ಲಿ ಪೀಪಾಯಿ ತೆರೆದರೆ
ಕಂದುಗೆಂಪಗೆ, ಮೆತ್ತಗೆ, ಲಾ ಆಂಚೋಆ.
ಅದೇ ಮೀನು. ಈಗ ಹೆಣ್ಣು.
ಕತ್ತಲಲ್ಲಿ, ಭಾರದ ಕೆಳಗೆ,
ಉಪ್ಪು ಅದಕ್ಕೆ ಏನು ಹೇಳಿತೋ.
ನನ್ನ ಪುಸ್ತಕದಲ್ಲಿ ಆ ಅಧ್ಯಾಯ ಇಲ್ಲ.
ನಾನು ಬಂದಿಳಿದದ್ದೂ ಏಪ್ರಿಲ್‌ನಲ್ಲೇ,
ಆದರೆ ಅದನ್ನು ಒಬ್ದೂಲಿಯಾಗೆ ಹೇಳಿದರೆ
"ನಿನ್ನ ತಲೆ ಇನ್ನೂ ಇದೆಯಲ್ಲ" ಅಂದಾಳು.

ಮನುಷ್ಯರ ಹೆಸರಿಗೆ ಎಲ್, ಲಾ ಹಚ್ಚಬಾರದು:
ನಲವತ್ತನೇ ಪುಟ, ದಪ್ಪಕ್ಷರ.
ಈ ಸಾಲಿನಲ್ಲಿ ಯಾರೂ ಆ ಪುಟ ಓದಿಲ್ಲ.
ಲಾ ಪೂರಾ ಬಂದಳಾ, ಲಾ ಒಬ್ದೂಲಿಯಾ ಕತ್ತರಿ ಕೊಡು,
ನಾನು ಮಾತ್ರ "ಆ ಸ್ಕಾಟ್ಲೆಂಡಿನವಳು".

ಮೊನ್ನೆ ಊಟದ ಗಂಟೆ ಹೊಡೆದ ಮೇಲೂ
ತಣ್ಣೀರಿನ ನಲ್ಲಿಯ ಹತ್ತಿರ ನಿಂತಿದ್ದೆ.
ಒಳಗಿನಿಂದ ಯಾರೋ ಕೂಗಿದರು:
"ಲಾ ಐಲ್ಸಾ ಎಲ್ಲಿ? ಅವಳ ಬೇಳೆ ಆರುತ್ತಿದೆ!"

ತಪ್ಪು ಪ್ರಯೋಗ. ಗೊತ್ತು.
ಏಪ್ರನ್ನಿಗೆ ಕೈ ಒರೆಸಿಕೊಂಡು
ಒಳಗೆ ಹೋದೆ.